ಮೂರನೆಯ ಸಾಲು

ರವಿಕೆಯ ಅಳತೆ ಬರೆಯುವ ನೋಟ್‌ಬುಕ್ಕಿನಲ್ಲೇ
ಇದನ್ನೂ ಬರೆಯುತ್ತಿದ್ದೇನೆ.
ತೋಳು ಒಂಬತ್ತೂವರೆ, ಕತ್ತಿನ ಆಳ ಏಳು,
ಕೆಳಗೊಂದು ಗೆರೆ ಎಳೆದು:
ಮೇದಿನಿ, ನಾಲ್ಕನೇ ಕ್ಲಾಸು, ಬಿ ಸೆಕ್ಷನ್.
ಕಡಲೆಕಾಯಿ ಆಗಲ್ಲ.
ಒಂದು ಬೀಜವೂ, ಅರ್ಧ ಬೀಜವೂ, ಅದನ್ನು ಕಲಕಿದ ಸೌಟೂ.

ಶಾಲೆಯವರ ಫಾರಂ ಇಂಗ್ಲಿಷಿನಲ್ಲಿದೆ,
ತುಂಬಿ ಆಯಿತು, ಡಾಕ್ಟರ ಸಹಿಯೂ ಬಿತ್ತು.
ಇದು ವ್ಯಾನಿನ ಮುನಿವೆಂಕಟಪ್ಪನಿಗೆ,
ಎದುರು ಮನೆಯ ನೂರ್ ಅಸ್ಮಾಗೆ.
ಕಾಗದ ಹಿಡಿದ ಕೈ ನಡುಗುತ್ತಿದ್ದರೂ ಓದಿಸಿಕೊಳ್ಳಬೇಕು,
ಅಂಥ ಕನ್ನಡ ಬೇಕು.
ಉದ್ದ ವಾಕ್ಯ ಬೇಡ. ದಯವಿಟ್ಟು ಬೇಡ.

ಈ ಊರಲ್ಲಿ ಅದು ಎಲ್ಲಿಲ್ಲ ಹೇಳಿ.
ಬೇಕರಿಯ ಭರಣಿಯಲ್ಲಿ ಖಾರ ಹಚ್ಚಿಕೊಂಡ ಕಾಂಗ್ರೆಸ್ಸು,
ಚಿತ್ರಾನ್ನದಲ್ಲಿ, ಚಟ್ನಿಪುಡಿಯಲ್ಲಿ, ಪಕ್ಕದವರ ಪ್ರೀತಿಯಲ್ಲಿ,
ಕಾರ್ತೀಕದ ಕಡೇ ಸೋಮವಾರ ಬುಲ್ ಟೆಂಪಲ್ ರಸ್ತೆ ಪೂರ್ತಿ.
ಆ ವಾರ ನಾವು ಗವೀಪುರದ ಕಡೆಯಿಂದ ಸುತ್ತಿ ಬರುತ್ತೇವೆ.
ಅತ್ತೆ ಇವತ್ತಿಗೂ ಅನ್ನುತ್ತಾರೆ:
ಬಡವರ ಬಾದಾಮಿ ಕಣೇ, ಅದು ಯಾರಿಗೆ ಏನು ಮಾಡೀತು?

ಹೋದ ವರ್ಷದ ಆ ಮದುವೆಮನೆ ನೋಡದಿದ್ದರೆ
ನಾನೂ ಹಾಗೇ ಅನ್ನುತ್ತಿದ್ದೆ.
ಕೋಸಂಬರಿ, ಒಂದೇ ಚಮಚ.
ತುಟಿ ಊದಿತು, ಮೈಯೆಲ್ಲ ದದ್ದು,
ಆಮೇಲೆ ಉಸಿರು,
ಬಟ್ಟೆ ಕಚ್ಚಿಕೊಂಡ ಜಿಪ್ಪಿನ ಹಾಗೆ, ಅರ್ಧಕ್ಕೆ ಬಂದು ನಿಂತಿತು.
ಒಬ್ಬರು ಸಕ್ಕರೆ ನೀರು ಎಂದರು, ಒಬ್ಬರು ದೃಷ್ಟಿ ತೆಗೆಯಿರಿ ಎಂದರು,
ಎಲ್ಲರೂ ಒಳ್ಳೆಯವರೇ.

ಮೊದಲ ಕರಡಿನಲ್ಲಿ ಬರೆದಿದ್ದೆ:
ಒಂದು, ಅಮ್ಮನಿಗೆ ಫೋನ್ ಮಾಡಿ.
ನಂಬರನ್ನು ಎರಡು ಸಲ ತಿದ್ದಿ ದಪ್ಪ ಮಾಡಿದ್ದೆ.
ಡಾಕ್ಟರು ಆ ಸಾಲನ್ನು ಬೆರಳಿಂದ ತಟ್ಟಿ ಕೇಳಿದರು:
ಮೆಷಿನ್ ಸದ್ದಿನಲ್ಲಿ ನಿಮಗೆ ರಿಂಗು ಕೇಳಿಸದಿದ್ದರೆ?

ಒಂದು. ಹಳದಿ ಚೀಲದ ಪೆನ್ನು. ಹೊರತೊಡೆ, ನಡುಭಾಗ.
ಬಟ್ಟೆಯ ಮೇಲೆಯೇ ಒತ್ತಿ. ಸಿರಪ್ ಕುಡಿಸಿ ಕಾಯಬೇಡಿ.
ಎರಡು. ೧೦೮. ಮಲಗಿಸಿ, ಕಾಲು ಎತ್ತರಕ್ಕೆ.
ಉಸಿರು ಕಷ್ಟವಾದರೆ ಒರಗಿಸಿ ಕೂರಿಸಿ.
ನಡೆಸಬೇಡಿ, ಬಾತ್‌ರೂಮಿಗೂ.
ಐದು ನಿಮಿಷದಲ್ಲಿ ತಿಳಿಯಾಗದಿದ್ದರೆ ಇನ್ನೊಂದು ಪೆನ್ನು.
ಮೂರು. ಅಮ್ಮ.

ಒಂಬತ್ತು ವರ್ಷ ಮೊದಲನೆಯವಳಾಗಿದ್ದವಳು
ಮೂರನೆಯ ಸಾಲಿಗೆ ಇಳಿಯಲು
ಒಂದು ಸಂಜೆ ಹಿಡಿಯಿತು.

ಭಾನುವಾರ ಅವಧಿ ಮುಗಿದ ಪೆನ್ನು ಹಿಡಿದು
ಮೋಸಂಬಿಯ ಮೇಲೆ ಅಭ್ಯಾಸ.
ಚಾಮರಾಜಪೇಟೆ ಸಿಗ್ನಲ್ಲಿನಲ್ಲಿ ಯಾರಿಗೂ ಜಗ್ಗದ
ಮುನಿವೆಂಕಟಪ್ಪ ಬೆವರಿದ, ಕುಂಕುಮ ಕರಗಿತು.
ಬಿಸಿಲಿಗೆ ನಿಂತ ವ್ಯಾನಿನಲ್ಲಿ ಚೀಲ ಬಿಡಲ್ಲ ಅಕ್ಕ,
ಎಂದು ಕೇಳದಿದ್ದರೂ ಹೇಳಿದ.
ನೂರ್ ಅಸ್ಮಾ ಬಿಸ್ಮಿಲ್ಲಾ ಎಂದು ಒಂದೇ ಏಟಿಗೆ ಒತ್ತಿ
ಹತ್ತರವರೆಗೆ ಎಣಿಸಿದಳು, ಉರ್ದುವಿನಲ್ಲಿ.

ಮೇದಿನಿ ಓದಿದಳು. ಒಂದು ಬಿಟ್ಟಿದ್ದೀಯ ಎಂದಳು.
ತುಟಿಗೂ ಮುಂಚೆ ಭಯ ಆಗುತ್ತಮ್ಮ.
ಸುಮ್ಮನೆ. ಏನೋ ಆಗಿಬಿಡುತ್ತೆ ಅಂತ.
ಅವತ್ತು ನಿನ್ನ ಸೆರಗು ಎಳೆದೆ, ನೀನು
ಯಾರ ಜೊತೆಗೋ ಮಾತಾಡುತ್ತಿದ್ದೆ.

ಫಾರಮ್ಮಿನಲ್ಲಿ ಅದಕ್ಕೆ ಚೌಕ ಇರಲಿಲ್ಲ.
ಫೋನಿನಲ್ಲಿ ಡಾಕ್ಟರು ಹೇಳಿದರು: ಬರೆಯಿರಿ, ಅದೂ ಲಕ್ಷಣವೇ.
ಎಲ್ಲಕ್ಕಿಂತ ಮೇಲೆ, ಅಂಚಿನ ಖಾಲಿ ಜಾಗದಲ್ಲಿ, ಬರೆದೆ:
ಭಯ ಆಗ್ತಿದೆ ಅಂದರೆ
ನಂಬಿ.

ಸೂಜಿ ಹೊಲಿಗೆಯ ಮೇಲೆ ಬೀಳಬಾರದಂತೆ, ಜೇಬಿನ ಮೇಲೂ.
ಅದಕ್ಕೇ ಯೂನಿಫಾರಂ ಪ್ಯಾಂಟುಗಳ ಜೇಬು ಬಿಚ್ಚುತ್ತಿದ್ದೇನೆ.
ಒತ್ತಬೇಕಾದ ಕಡೆ ಎಳ್ಳಿನಷ್ಟು ಕೆಂಪು ದಾರ.
ಚಾಕ್‌ಪೀಸಿನಲ್ಲಿ ಗುರುತು ಮಾಡುವಾಗ
ಕಚಗುಳಿ ಎಂದು ನೆಗೆಯುತ್ತಾಳೆ,
ನೇರ ನಿಲ್ಲೇ ಎಂದರೆ ಕೇಳುತ್ತಾಳೆ:
ಹಾಗಾದರೆ ನನ್ನ ರಬ್ಬರ್ ಎಲ್ಲಿಟ್ಟುಕೊಳ್ಳಲಿ?