ಮುಚ್ಚಳದ ಮೇಲಿನ ಮನೆ

ಟೇಪಿನ ಒಂದು ತುದಿ ಫಯಾಜ್ ಕೈಯಲ್ಲಿ, ಇನ್ನೊಂದು ನನ್ನಲ್ಲಿ.
ವೈಟ್‌ಫೀಲ್ಡಿನ ಈ ಓಣಿಯಲ್ಲಿ ಉಳಿದದ್ದು ಇದೊಂದೇ;
ಕೆಡವುವ ಮೊದಲು ಅಳೆದಿಡಿ ಎಂದಿದ್ದಾರೆ.

ಮಾಡಿಗೆ ಐವತ್ತೆರಡು ಡಿಗ್ರಿ ಇಳಿಜಾರು.
ಹಿಮ ಜಾರಲಿ ಅಂತ.
ಹಿಮ ಬರಲಿಲ್ಲ. ಜಾರಿದ್ದು ನೂರು ವರ್ಷದ ಹೊಂಗೆಯೆಲೆ,
ಯಾರದೋ ಗಾಳಿಪಟ,
ಈಗ ಎದುರಿನ ಗಾಜುಕಟ್ಟಡ ಎರಚುವ ಎರಡನೇ ಬಿಸಿಲು.

ಕಟ್ಟಿಸಿದವರು ರೈಲ್ವೆ ಗಾರ್ಡು ಕ್ಲಾರೆನ್ಸ್ ಮಾರ್ಟಿಮರ್.
ಹುಟ್ಟಿದ್ದು ಜೋಲಾರ್‌ಪೇಟೆ,
ದಾಟಿದ ಅತಿ ದೊಡ್ಡ ನೀರು ಪಾಲಾರು,
ಅದೂ ಬತ್ತಿದಾಗ.
‘ನಮ್ಮೂರು’ ಅಂದರೆ ಮಾತ್ರ ಡೆವನ್.
ಗಾರೆ ಪಿಳ್ಳಪ್ಪನ ಮುಂದೆ ಇಟ್ಟದ್ದು
ಬಿಸ್ಕತ್ತು ಡಬ್ಬಿಯ ಮುಚ್ಚಳ:
ಒಂದು ಒಕ್ಕಲುಮನೆ, ಎರಡು ಹಸು, ಹೊಗೆ.
“ಹಿಂಗೇ ಬೇಕು.”

ಪಿಳ್ಳಪ್ಪ ಮುಚ್ಚಳ ಮಗುಚಿ ನೋಡಿದ.
ಹಿಂದೆ ಬರೀ ತಗಡು.

ಹಾಗಾಗಿ ಮುಂದೆ
ಇಟ್ಟಿಗೆ ಒಂದು ವರಸೆ ಉದ್ದ, ಒಂದು ವರಸೆ ಅಡ್ಡ,
ಚೂಪು ಮುಮ್ಮಾಡು, ಕಿಟಕಿಗಳಿಗೆ ಮರದ ಜಾಲರಿಯ ಹುಬ್ಬು.
ಹಿಂದೆ, ತನಗೆ ಗೊತ್ತಿದ್ದುದು:
ತೊಟ್ಟಿ, ಮೊಣಕಾಲೆತ್ತರದ ಜಗಲಿ, ನೆಲಕ್ಕೆ ಹೂತ ಒರಳು,
ಮೂಡಲ ಗೋಡೆಯಲ್ಲಿ ಯಾರೂ ಕೇಳದ ಒಂದು ದೀಪದ ಗೂಡು.
ನಡುಗೋಡೆಯ ಗಾರೆ ಒಂದೆಡೆ ತುಸು ತಡವರಿಸಿದೆ;
ಅಂಗೈ ಒತ್ತಿದರೆ ತಿಳಿಯುತ್ತದೆ,
ಮುಚ್ಚಳ ಎಲ್ಲಿ ಮುಗಿಯಿತೆಂದು.

ಒಲೆಯೊಳಗೆ ತಲೆ ತೂರಿಸಿ ಟಾರ್ಚು ಬಿಟ್ಟ ಫಯಾಜ್ ನಕ್ಕ:
“ಮೇಡಂ, ಈ ಚಿಮಣಿಗೆ ಬಾಯೇ ಇಲ್ಲ.”
ಮೇಲೆ ಹದಿನಾಲ್ಕು ಅಡಿ ಗಟ್ಟಿ ಇಟ್ಟಿಗೆ,
ಬೆಲ್ಲ ಅಳಲೆಕಾಯಿ ಅರೆದ ಸುಣ್ಣ, ತೂಗುಗುಂಡಿಗೆ ಕೂದಲೆಳೆ ತಪ್ಪಿಲ್ಲ.
ಚಿತ್ರದಲ್ಲಿ ಹೊಗೆ ಕಂಡಿತ್ತು,
ಹೊಗೆಯ ದಾರಿ ಕಂಡಿರಲಿಲ್ಲ.

ಬೀಗದ ಕೈ ಕೊಡುವಾಗ ಮೊಮ್ಮಗಳು ಥೆಲ್ಮಾ ಹೇಳಿದ್ದರು:
ಮೊದಲ ಕ್ರಿಸ್ಮಸ್ಸಿಗೆ ಬೆಂಕಿ ಹಾಕಿ
ಮನೆಮಂದಿಯೆಲ್ಲ ಕೇಕು ಹಿಡಿದುಕೊಂಡೇ ಅಂಗಳಕ್ಕೆ ಓಡಿ ಬಂದರಂತೆ.
ತಾತ ಬೈಯಲಿಲ್ಲವಂತೆ.
ಕೆಮ್ಮುತ್ತ, ಗೇಟಿನಾಚೆ ಹೋಗಿ ನಿಂತು,
ಮುಚ್ಚಳ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ
ಅದನ್ನೂ ಇದನ್ನೂ ನೋಡಿ,
“ಸರಿಯಾಗಿದೆ” ಅಂದರಂತೆ.
ಆಮೇಲೆ ಒಲೆ ಕೋಳಿಗಳದಾಯಿತು.

ನನ್ನ ಹಾಳೆಯಲ್ಲಿ ‘ಶೈಲಿ’ ಅಂತೊಂದು ಖಾನೆ.
ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.
ಫಯಾಜ್ ಟೇಪು ಸುತ್ತುತ್ತ ಅಂದ,
“ಆ ಗೂಡು ಬಿಟ್ಟೋಯ್ತು.”

ಎಂಟು ಇಂಚು, ಆರು ಇಂಚು, ಒಳಕ್ಕೆ ನಾಲ್ಕು.
ಆಳ ಅಳೆದ ಬೆರಳು ಹೊರಬಂದಾಗ ಕಪ್ಪು.
ಇಷ್ಟು ದೊಡ್ಡ ಮನೆಯಲ್ಲಿ
ಇನ್ನೂ ಕೈಗೆ ಹತ್ತುವ ಮಸಿ ಇದ್ದದ್ದು
ಅಲ್ಲೊಂದೇ.