ಕೊಂಡಿ ಬದಲಿಸುವ ಹೊತ್ತು

ಕುರೆಸಾರೆಯ ಆಸ್ಪತ್ರೆ, ನೆಲಮಾಳಿಗೆ, ಫೆಬ್ರವರಿ.
ಸುತ್ತಲ ಕಡಲು ಹೆಪ್ಪುಗಟ್ಟಿ ದ್ವೀಪಕ್ಕೆ ಮಾತೇ ಇಲ್ಲ.
ರಾತ್ರಿ ಒಂದೂವರೆಗೆ ತ್ರೀನು
ಉಣ್ಣೆಯ ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ ಏರಿಸಿ
ಸರ್ವರುಗಳ ಮುಂದೆ ಕೂತಿದ್ದಾಳೆ.

ಮೇಲಿನ ಲ್ಯಾಬಿನ ರಕ್ತದ ಲೆಕ್ಕವನ್ನೆಲ್ಲ
ವಾರ್ಡಿನಿಂದ ವಾರ್ಡಿಗೆ ಹೊತ್ತು ತಿರುಗುವ ತಂತ್ರಾಂಶ.
ಅದು ನಿಲ್ಲಬಾರದು. ಅದನ್ನು ಬದಲಿಸಲೂ ಬೇಕು.
ಎರಡೂ ಇದೇ ರಾತ್ರಿ.

ಹೋದ ವರ್ಷ ಅರ್ವೋ ಹಿಡಿದದ್ದು ನೇರ ದಾರಿ:
ಮೊದಲು ನಿಲ್ಲಿಸಿದ, ಆಮೇಲೆ ಕಟ್ಟತೊಡಗಿದ,
ಸೂರು ಕಿತ್ತುಹಾಕಿ ಹೆಂಚು ತರಲು ಸಂತೆಗೆ ಹೋದ ಹಾಗೆ.
ಮೂಲದಿಂದ ಕಟ್ಟುವುದೆಂದರೆ ಅಂಗಡಿಯ ರೊಟ್ಟಿಯಲ್ಲವಲ್ಲ,
ಕಾಳು ಆರಿಸಿ, ಬೀಸಿ, ನಾದಿ, ಹುಳಿ ಬರುವತನಕ ಕಾಯಬೇಕು.
ಬೀಸುವಾಗ ಕಲ್ಲು ಸಿಕ್ಕಿತು.
ನಲವತ್ತೇಳು ನಿಮಿಷ.
ಲ್ಯಾಬಿನ ಹೆಲ್ವಿ, ಮಂಡಿನೋವಿನವಳು,
ಕೈಬರಹದ ಚೀಟಿ ಹಿಡಿದು ಮೂರು ಮಹಡಿ
ಹತ್ತಿದಳು, ಇಳಿದಳು, ಹತ್ತಿದಳು.
ಒಂದು ಚೀಟಿಯಲ್ಲಿ ಏಳು ಒಂದಾಗಿ ಓದಿಸಿಕೊಂಡಿತು;
ಪುಣ್ಯಕ್ಕೆ ನರ್ಸಿಗೆ ಅನುಮಾನ ಬಂತು.
ಆ ವಸಂತದಲ್ಲಿ ಅರ್ವೋ ಟಾರ್ಟುವಿಗೆ ಹೊರಟುಹೋದ.
ಯಾರೂ ಬೈಯಲಿಲ್ಲ, ಅದೇ ತಡೆಯಲಾಗಲಿಲ್ಲವಂತೆ.

ತ್ರೀನು ಹಳೆಯದನ್ನು ಮುಟ್ಟುವುದಿಲ್ಲ.
ಅದರ ಮಗ್ಗುಲಲ್ಲೇ ಬೇರೊಂದು ಕೋಣೆ,
ಬಾಗಿಲ ಮೇಲೆ ಹೊಸ ಅಂಕಿ ಬರೆದು
ಅಲ್ಲಿ ಒಲೆ ಹೂಡುತ್ತಾಳೆ.
ಪರದೆಯ ಮೇಲೆ ಇರುವೆಸಾಲು:
ಇದು ಇದೆಯೇ, ಇದೆ. ಅದು ಇದೆಯೇ, ಇದೆ.
ಎರಡು ಹತ್ತಕ್ಕೆ, ಇಲ್ಲ.
ಲೈಬ್ರರಿಯೊಂದು ತೀರ ಹಳತು. ಕೆಂಪಕ್ಷರ. ಎಲ್ಲ ಅಲ್ಲಿಗೇ ನಿಂತಿತು.
ಮೇಲೆ ಯಾರಿಗೂ ಗೊತ್ತಿಲ್ಲ.
ಹಳೆಯದು ತನ್ನ ಪಾಡಿಗೆ ಎರಡನೇ ವಾರ್ಡಿನ
ಮುದುಕನ ಸಕ್ಕರೆ ಎಷ್ಟೆಂದು ಒಪ್ಪಿಸುತ್ತಿದೆ.
ತಪ್ಪಿದರೆ ಯಾರಿಗೂ ನೋಯದ ಜಾಗದಲ್ಲಿ ತಪ್ಪುವುದು,
ಇವಳು ಕಲಿತದ್ದು ಇಷ್ಟೇ.
ಬೇಕಾದ್ದು ತಂದಳು, ಮತ್ತೆ ಮೊದಲಿಂದ.

ಮೂರೂಕಾಲಿಗೆ ಹೊಸದು ಕಣ್ಣು ಬಿಟ್ಟಿತು,
ಯಾರೂ ಬರದ ಹಿಂಬಾಗಿಲಲ್ಲಿ.
ಸುಳ್ಳು ರೋಗಿಯ ಸುಳ್ಳು ರಕ್ತ ಕೊಟ್ಟು ನೋಡಿದಳು.
ರೋಗಿಗಿಟ್ಟ ಹೆಸರು ಅರ್ವೋ.
ಅವನಿಗೆ ಏನೂ ತೊಂದರೆಯಿಲ್ಲ ಎಂದಿತು ಯಂತ್ರ.

ಇನ್ನುಳಿದದ್ದು ಒಂದು ಕೊಂಡಿ.
'ಈಗಿನದು' ಎಂಬ ಹಲಗೆಯನ್ನು
ಆ ಕೋಣೆಯಿಂದ ಕಳಚಿ ಈ ಕೋಣೆಗೆ ತೂಗುಹಾಕುವುದು.
ಬೆರಳು ಗುಂಡಿಯ ಮೇಲಿದೆ. ಫೋನು.
"ತ್ರೀನು, ಈಗ ಬೇಡ."
ಹೆಲ್ವಿಯ ದನಿ. "ಹೆರಿಗೆ ಕೋಣೆ. ರಕ್ತ ನಿಲ್ಲುತ್ತಿಲ್ಲ."
ಎರಡೇ ಸೆಕೆಂಡು ಎನ್ನಬಹುದಿತ್ತು. ನಿಜವೂ ಆಗಿತ್ತು.
"ಆಗಲಿ," ಎಂದಳು.

ಆರಿದ ಕಾಫಿ, ತಳದಲ್ಲಿ ಗಸಿ.
ಹಳೆಯದರ ದಾಖಲೆ ಸಾಲುಸಾಲಾಗಿ ಏರುತ್ತಿದೆ:
ಓ ನೆಗೆಟಿವ್, ಎರಡು ಚೀಲ.
ಮತ್ತೆರಡು.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.

ಆ ಖಾಲಿಯನ್ನು ಹೇಗೆ ಓದುವುದೆಂದು
ಯಾವ ಕೈಪಿಡಿಯಲ್ಲೂ ಬರೆದಿಲ್ಲ.

ನಾಲ್ಕು ಮೂವತ್ತೊಂದು. ಹೊಸ ರೋಗಿ.
ಹೆಸರು: ಇಲ್ಲ. ವಯಸ್ಸು: ಸೊನ್ನೆ.
ಅದರ ಬೆನ್ನಿಗೇ ತಾಯಿಯ ಇನ್ನೊಂದು ಮಾದರಿ,
ಅಂಕಿ ತುಸು ಮೇಲೆ. ಇನ್ನೊಂದು. ಇನ್ನೂ ತುಸು.

ಐದಕ್ಕೆ ಎಂಟು ನಿಮಿಷ ಇರುವಾಗ ಹೆಲ್ವಿಯೇ ಕರೆದಳು: "ಈಗ."
ತ್ರೀನು ಹಳೆಯದಕ್ಕೆ ಹೇಳಿದಳು:
ಕೈಯಲ್ಲಿರುವುದನ್ನು ಮುಗಿಸು, ಹೊಸತು ಹಿಡಿಯಬೇಡ.
ಹಲಗೆ ಬದಲಾಯಿತು.
ಒಂದು.
ಎರಡು.
ಎರಡನೇ ವಾರ್ಡಿನ ಮುದುಕ ಮಗ್ಗುಲು ಬದಲಿಸಿರಬಹುದು.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅನ್ನುವವರಿದ್ದಾರೆ.
ಇವಳು ಹಳೆ ದೋಣಿಯನ್ನು ದಡದಲ್ಲೇ ಕಟ್ಟಿದಳು,
ಒಂದು ವಾರ ಇರಲಿ, ಹುಟ್ಟು ಸಮೇತ.

ಬೆಳಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ
ಹೆಲ್ವಿ ಬೂಟಿನ ದಾರ ಬಿಗಿಯುತ್ತ ಕೇಳಿದಳು,
"ಮತ್ತೆ, ಯಾವಾಗ ನಿಲ್ಲಿಸ್ತೀಯ? ಚೀಟಿ ಕತ್ತರಿಸಿಟ್ಟಿದೀನಿ."
"ಆಗಿಹೋಯ್ತು."
ದಾರ ಅರ್ಧಕ್ಕೇ ನಿಂತಿತು. ಮುಖ ನೋಡಿದಳು,
ಜೇಬಿನ ಚೀಟಿಗಳನ್ನು ತೆಗೆದು ಬೆಂಚಿನ ಮೇಲಿಟ್ಟಳು.
"ಹೆಣ್ಣು ಮಗು," ಎಂದಳು,
ಅದೇ ಉತ್ತರವೆಂಬಂತೆ.