ಅರಗಿನ ದೊರೆ

ನಮ್ಮ ಬಸರೂರಲ್ಲಿ ಅಕ್ಕಿ ಮುಡಿಗೆ ಯಜಮಾನರು ನಾಲ್ವರು:
ನಾಯಕ, ಮಠ, ಹಳರು, ಕಟ್ಟೆಯ ಕಾವಲು.
ಒಬ್ಬನಿಗೆ ಸೇರು ಅಳೆದು, ಇನ್ನೊಬ್ಬನಲ್ಲಿ ದೂರಿ,
ಮೂರನೆಯವನ ಜಗಲಿಯಲ್ಲಿ ಎಲೆಯಡಿಕೆ ಹಾಕಿ
ಹೇಗೋ ದೋಣಿ ದಾಟಿಸುತ್ತಿದ್ದೆವು.

ಇಲ್ಲಿ, ಗೋವೆಯಲ್ಲಿ, ಒಬ್ಬನೇ.
ಕಂಡವರಿಲ್ಲ.
ಕೆಂಪು ಅರಗಿನಲ್ಲಿ ಹೆಬ್ಬೆರಳಗಲ ಇರುತ್ತಾನೆ,
ಬಿಸಿಲಿಗೆ ಹಿಡಿದರೆ ತುಸು ಮೆತ್ತಗಾಗುತ್ತಾನೆ.

ದುಭಾಷಿ ಸಾಂತು ಶೆಣವಿ ಓದಿ ಹೇಳಿದ:
“ಅಳತೆ ಅವನದು, ಉಪ್ಪು ಅವನದು,
ಮಾಂಡವಿಯ ನೀರು ತಳದ ಕೆಸರಿನ ತನಕ ಅವನದು.”
“ಉಬ್ಬರ ಯಾರದು?” ಎಂದೆ.
ಕಾಗದ ತಿರುಗಿಸಿ ನೋಡಿದ.
“ಅದರದ್ದು ಇನ್ನೂ ಬಂದಿಲ್ಲ.”

ಬುಧವಾರ ಹಡಗು ಬಂತು. ಇಗರ್ಜಿಗಳ ಗಂಟೆ ನಿಲ್ಲಲೇ ಇಲ್ಲ.
ದೊರೆ ತೀರಿಕೊಂಡು ಹತ್ತು ತಿಂಗಳಾಯಿತಂತೆ.
ಅಂದರೆ ಮೊನ್ನೆ ನನಗೆ ದಂಡ ಹಾಕಿದ್ದು,
ಚೀಟಿ ನೆನೆಸಿದನೆಂದು ಜಟ್ಟ ಖಾರ್ವಿಯನ್ನು
ಕಂಬಕ್ಕೆ ಕಟ್ಟಿಸಿದ್ದು
ಒಂದು ಹೆಣ.

“ಹಾಗಾದರೆ ನನ್ನ ದಂಡ ವಾಪಸೋ?”
ಶೆಣವಿ ಅತ್ತಿತ್ತ ನೋಡಿ
ಕೊಂಕಣಿ ಬಿಟ್ಟು ನಮ್ಮ ಮಾತಿನಲ್ಲಿ ಪಿಸುಗುಟ್ಟಿದ:
“ಮನುಷ್ಯ ಸತ್ತ ಮಾರಾಯ. ಅರಗು ಸಾಯುವುದುಂಟಾ?”

ಸುಂಕದಕಟ್ಟೆ ಮೂರು ದಿನ ಮುಚ್ಚಿತು.
ನನ್ನ ಅರವತ್ತು ಮುಡಿ ಅಕ್ಕಿಯೂ
ಮಳೆಯಲ್ಲಿ ಕೂತು ಸೂತಕ ಆಚರಿಸಿತು.

ನಾಲ್ಕನೆಯ ದಿನ ಹೊಸ ದೊರೆ,
ಹೊಸ ಚೀಟಿ:
ಮುಗ್ಗಿದ ಅಕ್ಕಿ ತಂದದ್ದಕ್ಕೆ ದಂಡ.